ಮೈಸೂರಿನಲ್ಲಿ ಆಲದ ಬೋನ್ಸಾಯ್‌ಗೆ ಯಾವ ಮಣ್ಣು ಹಾಕಬೇಕು, ಕುಂಡ ಯಾವಾಗ ಬದಲಿಸಬೇಕು?

ಆಲ, ಅರಳಿ, ಅತ್ತಿ ಮರಗಳ ಕುಂಡ ಬದಲಿಸಲು ನಮ್ಮ ಕಡೆ ಮೇ ಕೊನೆಯಿಂದ ಜುಲೈವರೆಗೆ ಒಳ್ಳೆಯ ಕಾಲ. ಸೆಕೆ ಇನ್ನೂ ಇರುತ್ತದೆ, ಗಾಳಿಯಲ್ಲಿ ತೇವವೂ ಇರುತ್ತದೆ. ಕತ್ತರಿಸಿದ ಬೇರು ಬೇಗ ಚೇತರಿಸಿಕೊಳ್ಳುತ್ತದೆ. ಡಿಸೆಂಬರ್ ಚಳಿಯಲ್ಲಿ ಮಾತ್ರ ಮುಟ್ಟಬೇಡಿ.

ಆದರೆ ತಿಂಗಳಿಗಿಂತ ಬೇರು ನೋಡುವುದು ಮುಖ್ಯ. ಗಿಡವನ್ನು ಮೆಲ್ಲಗೆ ಎತ್ತಿ. ಬೇರು ಕುಂಡದ ಸುತ್ತ ಚಾಪೆ ಹೆಣೆದ ಹಾಗಿದ್ದರೆ, ಹಾಕಿದ ನೀರು ಮೇಲೇ ನಿಲ್ಲುತ್ತಿದ್ದರೆ ಬದಲಿಸಿ. ಇಲ್ಲದಿದ್ದರೆ ಸುಮ್ನೆ ಕೆದಕಬೇಡಿ.

ಜಾಸ್ತಿ ಜನ ಎಡವುವುದು ಮಣ್ಣಿನಲ್ಲೇ. ಮಂಡ್ಯದ ಗದ್ದೆ ಮಣ್ಣು ಭತ್ತಕ್ಕೆ ಚಿನ್ನ, ಆದರೆ ಸಣ್ಣ ಕುಂಡದಲ್ಲಿ ಅಂಟಿ ಕೂರುತ್ತದೆ. ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ. ನಾನು ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸುತ್ತೇನೆ. ಚೂರು ಕಡಲೆಬೇಳೆಯಷ್ಟಿರಲಿ, ಅಂದರೆ 3ರಿಂದ 5 ಮಿ.ಮೀ. ಜರಡಿ ಹಿಡಿದು ಪುಡಿಯನ್ನೆಲ್ಲ ತೆಗೆದುಬಿಡಿ. ನೀರು ಇಳಿಯದಂತೆ ತೂತು ಕಟ್ಟಿಕೊಳ್ಳುವುದು ಆ ಪುಡಿಯಿಂದಲೇ ಅಲ್ವಾ!

ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇರು ಕತ್ತರಿಸಬೇಡಿ. ಆಮೇಲೆ ಎರಡು ವಾರ ನೆರಳಲ್ಲಿಡಿ. ಹೊಸ ಚಿಗುರು ಕಾಣುವವರೆಗೆ ಬೇರೆ ಗೊಬ್ಬರ ಬೇಡ.