ಕೆಮ್ಮಿದರೆ ಸೋರುತ್ತೆ, ಟೇಪ್ ಹಾಕಿಸಲಾ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಎರಡೂ ನಾರ್ಮಲ್ ಹೆರಿಗೆ. ಕೆಮ್ಮಿದರೆ, ಸೀನಿದರೆ, ನೀರಿನ ಕೊಡ ಎತ್ತಿದರೆ ಮೂತ್ರ ಸೋರುತ್ತದೆ. ಮದುವೆ ಮನೆಗೂ ಪ್ಯಾಡ್ ಹಾಕಿಕೊಂಡೇ ಹೋಗಬೇಕು. ಚಿಕ್ಕ ಆಪರೇಷನ್, ಒಂದು ಟೇಪ್ ಹಾಕಿದರೆ ಸಾಕು ಅಂದರು ಡಾಕ್ಟರು. ಅದು ಫಾರಿನ್‌ನಲ್ಲಿ ಬ್ಯಾನ್ ಆಗಿದೆ ಅಂತಾಳೆ ಮಗಳು. ಗರ್ಭಕೋಶ ತೆಗೆಸಿಬಿಡು ಅಂತಾರೆ ಅತ್ತಿಗೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಅತ್ತಿಗೆ ಮಾತು ಬಿಡಿ. ಸೋರುವುದಕ್ಕೆ ಗರ್ಭಕೋಶ ತೆಗೆಸುವುದು ಮದ್ದಲ್ಲ. ನಮ್ಮಲ್ಲಿ ಕಿಬ್ಬೊಟ್ಟೆಯಲ್ಲಿ ಏನೇ ತೊಂದರೆಯಾದರೂ ಎಲ್ಲರ ಕಣ್ಣು ಅದರ ಮೇಲೇ, ಪಾಪ.

ಮಗಳು ಹೇಳಿದ್ದು ಅರ್ಧ ನಿಜ. ಗರ್ಭಕೋಶ, ಮೂತ್ರಕೋಶದಂಥ ಜಾರಿದ ಅಂಗಗಳನ್ನು ಎತ್ತಿಹಿಡಿಯಲು ಯೋನಿಯ ಮೂಲಕ ಹಾಕುತ್ತಿದ್ದ ಮೆಶ್ (ಬಲೆ) ಇತ್ತಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಮಾರಾಟ ನಿಲ್ಲಿಸಿದ್ದು ಅದನ್ನು, ಟೇಪನ್ನಲ್ಲ. ಆದರೆ ಬ್ರಿಟನ್‌ನಲ್ಲಿ 2018ರಲ್ಲಿ ಟೇಪನ್ನೂ ತಡೆಹಿಡಿದರು, ಏಕೆಂದರೆ ಹಾಕಿಸಿಕೊಂಡ ಕೆಲವು ಹೆಂಗಸರು ವರ್ಷಗಟ್ಟಲೆ ನೋವು ತಿಂದಿದ್ದರು.

ಟೇಪ್ ಅಂದರೆ ಸುಮಾರು ಒಂದು ಸೆಂಟಿಮೀಟರ್ ಅಗಲದ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್‌ನ ಪಟ್ಟಿ. ಯೋನಿಯ ಒಳಗೆ ಚಿಕ್ಕದಾಗಿ ಕೊಯ್ದು ಮೂತ್ರನಾಳದ ಕೆಳಗೆ ಕೂರಿಸುತ್ತಾರೆ, ಕೆಮ್ಮಿದಾಗ ನಾಳಕ್ಕೆ ಅದೇ ಆಸರೆ. ಅರ್ಧ ಗಂಟೆಯ ಕೆಲಸ, ಅವತ್ತೋ ಮರುದಿನವೋ ಮನೆಗೆ. ಹೆಚ್ಚಿನವರಿಗೆ ಚೆನ್ನಾಗಿಯೇ ಗುಣ ಕಾಣುತ್ತೆ. ಆದರೆ ಗಾಯ ಚಿಕ್ಕದು ಅಂತ ನಿರ್ಧಾರವೂ ಚಿಕ್ಕದಲ್ಲ! ಒಳಗೆ ಹೋದ ಟೇಪ್ ಜೀವನಪೂರ್ತಿ ಇರುತ್ತೆ, ಮುಂದೆ ತೊಂದರೆ ಕೊಟ್ಟರೆ ಪೂರ್ತಿ ತೆಗೆಯುವುದು ಬಹಳ ಕಷ್ಟ. ಟೇಪ್ ಬೇಡ ಅನ್ನಿಸಿದರೆ ನಿಮ್ಮದೇ ಹೊಟ್ಟೆಯ ಗೋಡೆಯ ಅಂಗಾಂಶದಿಂದ ಪಟ್ಟಿ ಮಾಡಿ ಹಾಕುವ ಆಪರೇಷನ್ ಇದೆ, ಲ್ಯಾಪರೊಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ) ಮೂತ್ರಕೋಶದ ಕತ್ತಿನ ಭಾಗವನ್ನು ಹೊಲಿಗೆ ಹಾಕಿ ಎತ್ತಿಕಟ್ಟುವುದೂ ಇದೆ. ಕೇಳಿ ನೋಡಿ.

ಇನ್ನೊಂದು ವಿಷಯ. ನಿಮ್ಮದು ಕೆಮ್ಮಿದಾಗ, ಭಾರ ಎತ್ತಿದಾಗ ಹೊಟ್ಟೆಯೊಳಗೆ ಬೀಳುವ ಒತ್ತಡಕ್ಕೆ ಸೋರುವುದು. ಅವಸರ ಬಂದು ಬಾತ್‌ರೂಮ್ ತಲುಪುವಷ್ಟರಲ್ಲಿ ಆಗಿಹೋಗುವುದು ಬೇರೆ ಜಾತಿ, ಅದಕ್ಕೆ ಈ ಟೇಪ್ ಚಿಕಿತ್ಸೆಯಲ್ಲ. ಕೆಲವರಿಗೆ ಎರಡೂ ಇರುತ್ತೆ. ಮೂರು ದಿನ ಎಷ್ಟು ನೀರು ಕುಡಿದಿರಿ, ಎಷ್ಟು ಸಲ ಹೋದಿರಿ, ಯಾವಾಗ ಸೋರಿತು ಅಂತ ಬರೆದು ಡಾಕ್ಟರಿಗೆ ತೋರಿಸಿ.

ವ್ಯಾಯಾಮ ಮಾಡಿದ್ದೀರಾ? ನೀವು ಬರೆದೇ ಇಲ್ಲ. ಗ್ಯಾಸ್ ತಡೆದುಕೊಳ್ಳುವಾಗ ಬಿಗಿಯುತ್ತೀರಲ್ಲ, ಅದೇ ಸ್ನಾಯು. ಉಸಿರು ಕಟ್ಟದೆ ಬಿಗಿಯಿರಿ, ಆಮೇಲೆ ಸಡಿಲಿಸಿ, ಒಂದು ಸಲಕ್ಕೆ 8, ದಿನಕ್ಕೆ 3 ಸಲ, 3 ತಿಂಗಳು. ಮೂತ್ರ ಮಾಡುತ್ತಾ ಮಾಡಬೇಡಿ. ಸರಿಯಾಗಿ ಬಿಗಿಯುತ್ತಿದ್ದೀರಾ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ನೋಡಿಸಿಕೊಳ್ಳಿ, ಬಹಳ ಜನ ಸುಮ್ನೆ ಹೊಟ್ಟೆ ಬಿಗಿಯುತ್ತಾರೆ ಅಷ್ಟೆ. ಮಲಬದ್ಧತೆ, ಹಳೇ ಕೆಮ್ಮು ಇದ್ದರೆ ಅದಕ್ಕೂ ಔಷಧಿ ತಗೊಳ್ಳಿ. ಇಷ್ಟಾದ ಮೇಲೂ ಸೋರಿದರೆ ಆಪರೇಷನ್‌ಗೆ ಹೆದರಬೇಕಿಲ್ಲ.

ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಮೂರು ತಿಂಗಳು ಕಾಯಬೇಡಿ, ಈ ವಾರವೇ ತೋರಿಸಿ.