ಚಿನ್ನದ ಹಕ್ಕಿಯೂ ಗೇರುಬೀಜದ ಲೆಕ್ಕವೂ

ಕಾರ್ಕಳದ ಹತ್ತಿರ ಸಣ್ಣದೊಂದು ಗೇರುಬೀಜ ಕಾರ್ಖಾನೆ ನಡೆಸುವ ಓದುಗರ ಪತ್ರವಿದು. ಹೆಸರು ಹಾಕಬೇಡಿ ಎಂದಿದ್ದಾರೆ.

“ಮುನ್ನೂರು ವರ್ಷದ ಹಿಂದೆ ಲೋಕದ ಸಂಪತ್ತಿನ ಕಾಲು ಪಾಲು ನಮ್ಮದಾಗಿತ್ತಂತೆ. ಚಿನ್ನದ ಹಕ್ಕಿ ಅಂತ ಕರೆಯುತ್ತಿದ್ದರಂತೆ. ಈಗ ವಾಷಿಂಗ್ಟನ್ನಿನಲ್ಲಿ ಯಾರೋ ಒಂದು ಕಾಗದಕ್ಕೆ ಸಹಿ ಹಾಕಿದರೆ ನನ್ನ ಗೋದಾಮಿನಲ್ಲಿ ತಿರುಳಿನ ಟಿನ್ನುಗಳು ಕೂತುಬಿಡುತ್ತವೆ. ಈ ಪರದೇಶದ ವ್ಯಾಪಾರದ ಗೊಡವೆಯೇ ಬೇಡ, ನಮ್ಮದನ್ನು ನಾವೇ ಬೆಳೆದು ನಾವೇ ತಿಂದರೆ ಹಳೆಯ ಸಂಪತ್ತು ಮರಳಿ ಬಾರದೇ? ಮಕ್ಕಳು ದುಬೈ, ಬೆಂಗಳೂರು ಎಂದು ಓಡುವುದು ನಿಲ್ಲದೇ?”

ಮಾನ್ಯರೇ,

ಮೊದಲು ಆ ಕಾಲು ಪಾಲಿನ ಲೆಕ್ಕ. ಅದು ಆಂಗಸ್ ಮ್ಯಾಡಿಸನ್ ಎಂಬ ಅರ್ಥಶಾಸ್ತ್ರಜ್ಞ ಮಾಡಿದ ಅಂದಾಜು. 1700ರ ಸುಮಾರಿಗೆ ಲೋಕದ ಒಟ್ಟು ಉತ್ಪನ್ನದಲ್ಲಿ ಭಾರತದ್ದು ಸುಮಾರು ಶೇ. 24, 1950ಕ್ಕೆ ಬರುವಾಗ ಶೇ. 4ರ ಆಸುಪಾಸು. ಭಾಷಣಗಳಲ್ಲಿ ಕೇಳಿಸುವುದು ಇಷ್ಟು. ಅದೇ ಮ್ಯಾಡಿಸನ್ ಪ್ರಕಾರ 1700ರಲ್ಲಿ ಲೋಕದ ಜನಸಂಖ್ಯೆಯಲ್ಲೂ ನಮ್ಮ ಪಾಲು ಸುಮಾರು ಶೇ. 27 ಇತ್ತು ಎಂಬುದನ್ನು ಯಾರೂ ಎತ್ತುವುದಿಲ್ಲ. ತಲೆಗೆ ಹಂಚಿದರೆ ನಮ್ಮವರ ಪಾಲಿಗೆ ಬಂದದ್ದು ಲೋಕದ ಸರಾಸರಿಗಿಂತ ತುಸು ಕಡಿಮೆಯೇ. ಮೊಗಲರ ಖಜಾನೆ ತುಂಬಿತ್ತು, ನಿಜ. ಗೇಣಿ ಅಕ್ಕಿ ಅಳೆದು ಕೊಡುತ್ತಿದ್ದ ನಮ್ಮ ಹಿರಿಯರ ಮನೆಯಲ್ಲಿ ಏನಿತ್ತು? ಇಂಗ್ಲಿಷರು ದೋಚಿದ್ದು ಸುಳ್ಳಲ್ಲ. ಆದರೆ ಮರಳಿ ಬರಬೇಕು ಎಂದು ನೀವು ಹೇಳುವ ಆ ಸಂಪತ್ತು ನಿಮ್ಮ ಕಾರ್ಖಾನೆಯ ಹೆಂಗಸರ ಮುತ್ತಜ್ಜಿಯರ ಕೈಗೆ ಬಂದದ್ದಲ್ಲ.

ಇನ್ನು ಬಾಗಿಲು ಮುಚ್ಚುವ ಮಾತು. ಗೇರು ಬ್ರೆಜಿಲಿನ ಮರ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ನೀವು ಒಡೆಯುವ ಕಚ್ಚಾ ಬೀಜದಲ್ಲಿ ಆಫ್ರಿಕದ್ದೆಷ್ಟು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಈ ಕರಾವಳಿ ಕಡಲ ಕಡೆಗೆ ಬಾಗಿಲು ಮುಚ್ಚಿ ಬದುಕಿದ ಕಾಲ ಯಾವುದು ಹೇಳಿ? 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. ಅರೇಬಿಯದ ಏಡನ್ ಬಂದರಿನಿಂದ ಅವನಿಗೆ ತಾಮ್ರ ಮತ್ತು ಒಡೆದ ಹಳೆಯ ಪಾತ್ರೆಗಳು ಬರುತ್ತಿದ್ದವು. ಇಲ್ಲಿನ ಕಂಚುಗಾರರು ಅದನ್ನು ಕರಗಿಸಿ ಹೇಳಿದ ಅಳತೆಗೆ ಹೊಸ ಪಾತ್ರೆ ಮಾಡಿಕೊಡುತ್ತಿದ್ದರು, ಅವು ಮತ್ತೆ ಏಡನ್ನಿಗೆ ಹೋಗುತ್ತಿದ್ದವು. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಉಳಿದದ್ದರಿಂದ ನಮಗಿದು ಗೊತ್ತು. ಕಚ್ಚಾ ಮಾಲು ಹೊರಗಿನದು, ಕೈಕೆಲಸ ನಮ್ಮದು. ನಿಮ್ಮ ಕಸುಬಿನ ರೀತಿಯೂ ಇದೇ ಅಲ್ಲವೇ?

ಸ್ವಾತಂತ್ರ್ಯ ಬಂದ ಮೇಲೆ ದೇಶ ಬಾಗಿಲನ್ನು ಬಹುಪಾಲು ಮುಚ್ಚಿಯೂ ನೋಡಿತು. ಅಷ್ಟಾದರೂ 1990ರಲ್ಲಿ ಸದ್ದಾಂ ಕುವೈತಿಗೆ ನುಗ್ಗಿದಾಗ ಎಣ್ಣೆಯ ಬೆಲೆ ಏರಿತು, ಕೊಲ್ಲಿಯಿಂದ ಬರುವ ಹಣ ಕುಸಿಯಿತು. 1991ರಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಅಡವಿಡಲು ವಿಮಾನಕ್ಕೆ ಹೇರಿ ಇಂಗ್ಲೆಂಡಿಗೆ ಕಳುಹಿಸಬೇಕಾಯಿತು. ಬಾಗಿಲು ಮುಚ್ಚಿದವನಿಗೂ ಪೆಟ್ರೋಲ್ ಬೇಕಲ್ಲ, ಮಾರಾಯರೇ.

ಹಾಗೆಂದು ನಿಮ್ಮ ಭಯ ಪೊಳ್ಳು ಎಂದಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲೆ ಶೇ. 50ರಷ್ಟು ಸುಂಕ ಹೇರಿದಾಗ ದೊಡ್ಡ ಪೆಟ್ಟು ಬಿದ್ದವರಲ್ಲಿ ಸಿಗಡಿಯವರೂ ಇದ್ದರು. ಅವರ ಮುಖ್ಯ ಗಿರಾಕಿ ಅಮೆರಿಕವೇ ಆಗಿತ್ತು. ನನಗೆ ಕಾಣುವ ರೋಗ ಅಲ್ಲಿದೆ: ವ್ಯಾಪಾರ ಪರದೇಶದ್ದೋ ಸ್ವದೇಶದ್ದೋ, ಒಬ್ಬನೇ ಗಿರಾಕಿಗೆ ಜೋತುಬಿದ್ದರೆ ಅವನು ಕೆಮ್ಮಿದರೂ ನಮಗೆ ಜ್ವರ.

ಕುದುರೆಮುಖವನ್ನೇ ನೋಡಿ. 1970ರ ದಶಕದಲ್ಲಿ ಆ ಕಬ್ಬಿಣದ ಗಣಿಯನ್ನು ಕಟ್ಟಿದ್ದೇ ಇರಾನಿನ ಷಾನಿಗೆ ಅದಿರು ಕಳುಹಿಸುವುದಕ್ಕೆ. ಸಾಲ ಕೊಡುವವನೂ ಅವನೇ, ಅದಿರು ಕೊಳ್ಳುವವನೂ ಅವನೇ. ಘಟ್ಟದ ಮೇಲಿಂದ ಮಂಗಳೂರು ಬಂದರಿರುವ ಪಣಂಬೂರಿನವರೆಗೆ 67 ಕಿಲೋಮೀಟರ್ ಕೊಳವೆ ಹಾಕಿ, ಅದಿರನ್ನು ನೀರಿನಲ್ಲಿ ಕಲಸಿ ಇಳಿಸುವ ವ್ಯವಸ್ಥೆ. ಎಲ್ಲ ಸಿದ್ಧವಾಗುವ ಹೊತ್ತಿಗೆ, 1979ರಲ್ಲಿ, ಅಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. ಗಣಿ ಉಂಟು, ಕೊಳವೆ ಉಂಟು, ಬಂದರು ಉಂಟು, ಗಿರಾಕಿ ಇಲ್ಲ! ಹೊಸ ಗಿರಾಕಿಗಳನ್ನು ಹುಡುಕಿ, 1987ರಲ್ಲಿ ಪಣಂಬೂರಿನಲ್ಲಿ ಅದಿರಿನ ಉಂಡೆ ಕಟ್ಟುವ ಕಾರ್ಖಾನೆ ಹಾಕಿ ಕಂಪನಿ ಚೇತರಿಸಿಕೊಂಡಿತು. ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಅದು ಕಾಡು ಮತ್ತು ಭದ್ರೆಯ ವಿಷಯ, ನಿಂತದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು.

ಇದಕ್ಕೆ ಪಕ್ಕದಲ್ಲಿ ಅಡಿಕೆಯ ಕಥೆ ಇಡುತ್ತೇನೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿತು. ಕೃಷಿಕರು ಸರಕಾರಕ್ಕೆ ಮನವಿ ಕೊಟ್ಟು ಸುಮ್ಮನೆ ಕೂರಬಹುದಿತ್ತು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರ ಜುಲೈಯಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಖರೀದಿಗೆ ಇನ್ನೊಬ್ಬ ಇಳಿದದ್ದೇ ತಡ, ವ್ಯಾಪಾರಿ ಹೇಳಿದ್ದೇ ರೇಟು ಎನ್ನುವ ಕಾಲ ಹೋಯಿತು. ಅದಕ್ಕಿಂತ ಹೆಚ್ಚು ನನಗೆ ಹಿಡಿಸುವುದು ಕೊಕ್ಕೊದ ಭಾಗ. ತೋಟದಲ್ಲಿ ಕೊಕ್ಕೊ ಬೆಳೆಯಿರಿ ಎಂದು ಹುರಿದುಂಬಿಸಿದ್ದ ದೊಡ್ಡ ಕಂಪನಿ, ಲೋಕದ ಮಾರುಕಟ್ಟೆಯಲ್ಲಿ ಬೆಲೆ ಬಿದ್ದಾಗ ಖರೀದಿಯಿಂದ ಹಿಂದೆ ಸರಿಯಿತು. ಹಣ್ಣು ಕೊಳ್ಳುವವರಿಲ್ಲದೆ ಗಿಡ ಕಡಿದವರೂ ಇದ್ದರು. ಆಗ ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟ್ ಕಾರ್ಖಾನೆ ತೆರೆಯಿತು. ಬೀಜ ಮಾರುತ್ತಿದ್ದವರು ಚಾಕಲೇಟ್ ಮಾರುವವರಾದರು. ಇಲ್ಲಿ ಯಾರೂ ಬಾಗಿಲು ಮುಚ್ಚಲಿಲ್ಲ ಎಂಬುದನ್ನು ಗಮನಿಸಿ. (ಅಡಿಕೆಗೆ ಆಮದು ಸುಂಕದ, ಕನಿಷ್ಠ ಆಮದು ಬೆಲೆಯ ರಕ್ಷಣೆ ಇವತ್ತಿಗೂ ಉಂಟು, ನಾನದನ್ನು ವಿರೋಧಿಸುವುದಿಲ್ಲ. ಆದರೆ ಬರೀ ಅದನ್ನೇ ನಂಬಿದ್ದರೆ ಪುತ್ತೂರಿನಲ್ಲಿ ಚಾಕಲೇಟ್ ಆಗುತ್ತಿರಲಿಲ್ಲ.)

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎಂದು ಕೇಳುತ್ತೀರಿ. ದೇಶದ ಏಳಿಗೆಯ ಮಾತು ಬಂದಾಗಲೆಲ್ಲ ನನಗೆ ಹೊಟ್ಟೆ ಉರಿಯುವುದು ಈ ವಿಷಯಕ್ಕೇ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಹುಟ್ಟುಹಾಕಿದರು. ಕೈಮಗ್ಗದ ನೇಕಾರರು ಕಷ್ಟಕ್ಕೆ ಬಿದ್ದಿದ್ದರು, ಅವರನ್ನು ಎತ್ತುವುದು ಉದ್ದೇಶ. 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಶುರುವಾಯಿತು, ದಿನಕ್ಕೆ ಎರಡಾಣೆಯಿಂದ. ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೆನರಾ ಮತ್ತು ಕಾರ್ಪೊರೇಷನ್ 1906ರವು, ಕರ್ಣಾಟಕ ಬ್ಯಾಂಕ್ 1924ರದ್ದು, ವಿಜಯ 1931ರದ್ದು. ದೊಡ್ಡ ಕೈಗಾರಿಕೆ ಹೆಚ್ಚಿಲ್ಲದಿದ್ದ ಅಂದಿನ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯೊಂದೇ ಇಷ್ಟು ಬ್ಯಾಂಕು ಹೆತ್ತಿತು. 2019ರಲ್ಲಿ ವಿಜಯ ಬ್ಯಾಂಕು ಬರೋಡಾದೊಳಗೆ ಹೋಯಿತು, 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಬೋರ್ಡು ಬದಲಾದದ್ದಕ್ಕೆ ಅಳುವವರು ಅಳಲಿ, ನನ್ನ ಬೇಸರ ಬೇರೆ. ಉಡುಪಿ ಜಿಲ್ಲೆಯಲ್ಲಿ ಠೇವಣಿಗೆ ಹೋಲಿಸಿದರೆ ಸಾಲ ತೀರಾ ಕಡಿಮೆ ಎಂಬ ಮಾತು ಬ್ಯಾಂಕರುಗಳ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಂದರೆ ಮುಂಬಯಿಯ ಹೋಟೆಲಿನವರು, ಅಬುಧಾಬಿಯ ಡ್ರೈವರು ಕಳುಹಿಸಿದ ಹಣ ಇಲ್ಲಿ ಠೇವಣಿಯಾಗಿ, ಬೇರೆಲ್ಲೋ ಕಾರ್ಖಾನೆ ಕಟ್ಟುತ್ತದೆ. ಬ್ಯಾಂಕಿನವರನ್ನೇ ದೂರಿ ಫಲವಿಲ್ಲ; ಸಾಲ ಕೇಳುವ ಉದ್ಯಮವೂ ಬೇಕಲ್ಲ.

ಮಕ್ಕಳು ಹೊರಗೆ ಹೋಗುವುದು ನಿಲ್ಲಬೇಕು ಎಂದು ನಾನು ಬಯಸುವುದಿಲ್ಲ. ಅವರು ಹೋದದ್ದರಿಂದಲೇ ಇಲ್ಲಿ ಎಷ್ಟೋ ಹಂಚಿನ ಮಾಡು ಏರಿತು. ಮರಳಬೇಕೆಂದು ಅನ್ನಿಸಿದವನಿಗೆ ಇಲ್ಲಿ ಕೆಲಸ ಇರಬೇಕು, ಅಷ್ಟೆ. ಮಳೆಗಾಲ ಬಂದರೆ ಶಿರಾಡಿಯಲ್ಲಿ ಗುಡ್ಡ ಜರಿಯದಂತೆ ರಸ್ತೆ ಮಾಡಿಕೊಟ್ಟರೂ ಸರಕಾರದ ಕಡೆಯಿಂದ ದೊಡ್ಡ ಉಪಕಾರವೇ, ಬಂದರಿಗೆ ಕಾಫಿ ಇಳಿಯುವ ದಾರಿ ಅದು.

ಕೊನೆಗೆ ನಿಮ್ಮ ಗೋದಾಮಿಗೆ ಬರೋಣ. ಲೋಕದಲ್ಲಿ ಅತಿ ಹೆಚ್ಚು ಗೇರು ತಿರುಳು ತಿನ್ನುವ ದೇಶ ಭಾರತವೇ, ಆದ್ದರಿಂದ ಸುಂಕದ ಪೆಟ್ಟು ತಡೆಯಲು ನಿಮಗೆ ಸಿಗಡಿಯವರಿಗಿಂತ ಹೆಚ್ಚು ಅವಕಾಶ ಉಂಟು. ನಿಮಗೆ ನಿಜವಾದ ಕಷ್ಟ ಕಚ್ಚಾ ಬೀಜದ್ದು. ಐವರಿ ಕೋಸ್ಟ್‌ನವರು ಈಗ ತಾವೇ ಬೀಜ ಒಡೆಯುವ ಕಾರ್ಖಾನೆ ಹಾಕುತ್ತಿದ್ದಾರೆ. ತಿರುಳಿನ ರಫ್ತಿನಲ್ಲಿ ವಿಯೆಟ್ನಾಂ ನಮ್ಮನ್ನು ದಾಟಿ ಬಹಳ ವರ್ಷವಾಯಿತು, ಅವರು ಒಡೆಯುವ ಕೆಲಸಕ್ಕೆ ಮಿಷನ್ನು ತಂದರು, ನಾವು ತಡ ಮಾಡಿದೆವು. ಒಳ್ಳೆಯ ಕಸಿ ಗಿಡಕ್ಕೆ ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಉಂಟು. ಕಾರ್ಕಳ, ಹೆಬ್ರಿ ಸುತ್ತಿನ ಸಣ್ಣ ಕಾರ್ಖಾನೆಯವರು ಒಟ್ಟಾಗಿ ಊರಿನ ಬೀಜಕ್ಕೆ ಬೆಳೆಗಾರರೊಂದಿಗೆ ಮೊದಲೇ ರೇಟು ಮಾತಾಡುವುದು, ಹಡಗಿನ ಮಾಲನ್ನೂ ಒಬ್ಬೊಬ್ಬರೇ ದಲ್ಲಾಳಿಯ ಬಾಯಿಗೆ ಬೀಳದೆ ಒಂದೇ ಲಾಟಿನಲ್ಲಿ ಕೊಳ್ಳುವುದು ಆಗುತ್ತದೆಯೇ? ಈ ಮಾತು ನಿಮ್ಮೊಳಗೆ ಬಂದದ್ದುಂಟೇ, ಬಂದಿದ್ದರೆ ಎಲ್ಲಿ ಮುರಿದುಬಿತ್ತು? ಬರೆಯಿರಿ. ಹೆಸರಿಲ್ಲದೆಯೇ ಹಾಕುತ್ತೇನೆ.

– ಸಂಪಾದಕ