ನಾಯಿಮರಿ ಮಗಳಿಗೆ, ಕೆಲಸ ಅಪ್ಪನಿಗೆ

ಪ್ರ: ಎಂಟು ವರ್ಷದ ಮಗಳು ನಾಯಿಮರಿ ಬೇಕೆಂದು ಹಟ ಹಿಡಿದಿದ್ದಾಳೆ. ‘ಎಲ್ಲ ನಾನೇ ನೋಡ್ಕೋತೀನಿ’ ಅಂತಾಳೆ. ಜವಾಬ್ದಾರಿ ಕಲಿಯಲಿ ಅಂತ ತಂದುಕೊಡೋಣ ಅಂದುಕೊಂಡಿದ್ದೇನೆ. ನನ್ನದು ಶಿಫ್ಟ್ ಕೆಲಸ.
– ಓದುಗರು, ಹೆಬ್ಬಾಳ, ಮೈಸೂರು

ಉ: ತನ್ನಿ, ಆದರೆ ತರುವ ಕಾರಣ ಬದಲಿಸಿಕೊಳ್ಳಿ. ಎಂಟು ವರ್ಷದ ಮಗು ಒಂದು ಜೀವದ ಹೊಣೆ ಹೊರಲಾರದು, ಹೊರಬೇಕಾಗಿಯೂ ಇಲ್ಲ. ನಾಯಿ ಹತ್ತು–ಹದಿನಾಲ್ಕು ವರ್ಷ ಬದುಕುತ್ತದೆ. ಮಗಳು ಡಿಗ್ರಿ ಓದುವ ಹೊತ್ತಿಗೂ ಅದು ನಿಮ್ಮ ಮನೆಯಲ್ಲೇ ಇರುತ್ತದೆ. ಬೆಳಿಗ್ಗೆ ಆರಕ್ಕೆ ಅದನ್ನು ಹೊರಗೆ ಕರೆದೊಯ್ಯುವವರು, ಲಸಿಕೆಯ ದಿನ ನೆನಪಿಡುವವರು ನೀವೇ ಎಂದು ಮೊದಲು ಒಪ್ಪಿಕೊಳ್ಳಿ. ಅಪ್ಪ ಬೇಸರಪಡದೆ ದಿನಾ ಮಾಡುವುದನ್ನು ನೋಡುತ್ತಲೇ ಮಗಳು ಹೊಣೆ ಕಲಿಯುತ್ತಾಳೆ.

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಕಚ್ಚುವಾಗ ಎಷ್ಟು ಒತ್ತಬೇಕು ಎಂಬ ಅಂದಾಜು ಅದಕ್ಕೆ ಬರುವುದು ಒಡಹುಟ್ಟಿದ ಮರಿಗಳ ಜತೆ ಆಡುವಾಗಲೇ. ಎರಡು ತಿಂಗಳ ಮರಿ ಹಗಲಲ್ಲಿ ಎರಡು–ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು. ಎದ್ದ ತಕ್ಷಣ, ಆಟ ಮುಗಿದಾಗ, ಊಟವಾದ ಹದಿನೈದು–ಇಪ್ಪತ್ತು ನಿಮಿಷದೊಳಗೆ ಹೊರಗೆ ಎತ್ತಿಕೊಂಡು ಹೋಗಿ; ಕೆಲಸ ಮುಗಿಸಿದ ಆ ಕ್ಷಣದಲ್ಲೇ ಹೊಗಳಿ. ಒಳಗೆ ಮಾಡಿಕೊಂಡರೆ ಮೂತಿ ಉಜ್ಜುವುದು, ಹೊಡೆಯುವುದು ಬೇಡ. ಹಾಗೆ ಮಾಡಿದರೆ ಅದು ಮಂಚದ ಕೆಳಗೆ ಹೋಗಿ ಕದ್ದು ಮಾಡುವುದನ್ನು ಕಲಿಯುತ್ತದೆ, ಅಷ್ಟೆ. ಮನೆಯಲ್ಲಿ ದಿನವಿಡೀ ಯಾರೂ ಇರುವುದಿಲ್ಲ ಎಂದಾದರೆ ಮರಿ ಬೇಡ. ಒಂದೂವರೆ–ಎರಡು ವರ್ಷದ ಶಾಂತ ಸ್ವಭಾವದ ನಾಟಿ ನಾಯಿಯನ್ನು ದತ್ತು ತೆಗೆದುಕೊಳ್ಳಿ.

ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರು. ನಂತರ ಮೂರು–ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ, ಬೂಸ್ಟರ್ ವೈದ್ಯರು ಹೇಳಿದ ದಿನಕ್ಕೆ, ಆಮೇಲೆ ವರ್ಷಕ್ಕೊಮ್ಮೆ. ಈ ಸರಣಿ ಮುಗಿಯುವ ಮುಂಚೆ ಬೀದಿ ನಾಯಿಗಳು ಓಡಾಡುವ ಪಾರ್ಕಿನ ನೆಲಕ್ಕೆ ಬಿಡಬೇಡಿ. ಮರಿಗಳಿಗೆ ಮಾರಕ ವಾಂತಿ–ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗೆಂದು ಕೋಣೆಯಲ್ಲಿ ಕೂಡಿಹಾಕಲೂಬೇಡಿ. ಎತ್ತಿಕೊಂಡೇ ಬಸ್ಸು, ಸ್ಕೂಟರು, ಜನ ಎಲ್ಲ ತೋರಿಸಿ. ಜಂತುಹುಳುವಿನ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ನಾಯಿಯ ದುಂಡುಹುಳು ಮಕ್ಕಳಿಗೂ ಬರಬಲ್ಲದು, ಅದಕ್ಕೇ ಈ ಒತ್ತಾಯ.

ಮಗಳಿಗೆ ಕೆಲಸ ಬೇಡವೆಂದಲ್ಲ. ನೀರಿನ ಬಟ್ಟಲು ತೊಳೆದು ತುಂಬಲಿ, ಊಟವನ್ನು ಲೋಟದಲ್ಲಿ ಅಳೆದು ಹಾಕಲಿ, ಬಾಚಲಿ. ಎಲ್ಲವೂ ನಿಮ್ಮ ಕಣ್ಣೆದುರು. ನಾಯಿ ಉಣ್ಣುವಾಗ, ಮಲಗಿರುವಾಗ ಮುಟ್ಟಬಾರದು ಎಂಬುದು ಮೊದಲ ದಿನದಿಂದಲೇ ಮನೆಯ ಕಾನೂನಾಗಲಿ.

ಪ್ರ: ಮೂರು ತಿಂಗಳ ಮರಿ ಆಟದಲ್ಲಿ ಮಗನ ಕೈ ಕಚ್ಚಿತು. ಸಣ್ಣ ಗೀರು, ಒಂದು ಹನಿ ರಕ್ತ. ಮನೆಯಲ್ಲೇ ಸಾಕಿದ್ದು, ಇನ್ನೂ ಮರಿ. ಅಮ್ಮ ಸುಣ್ಣ, ಅರಿಶಿನ ಹಚ್ಚಿದ್ದಾರೆ. ಸಾಕಲ್ಲವೇ?
– ಓದುಗರು, ಮದ್ದೂರು

ಉ: ಸಾಲದು. ಇದನ್ನು ಓದಿದ ಕೂಡಲೇ ಹೊರಡಿ. ಮರಿಗೂ ರೇಬೀಸ್ ಬರುತ್ತದೆ. ರೋಗದ ಲಕ್ಷಣ ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು. ಆದರೆ ಮೊದಲೇ ಲಸಿಕೆ ಕೊಡಿಸಿದರೆ ಅದು ತಡೆಯಬಹುದಾದ ರೋಗ.

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಪೂರಾ 15 ನಿಮಿಷ ತೊಳೆಯಿರಿ. ನೊರೆ ವೈರಸ್ಸಿನ ಹೊರಪದರ ಒಡೆಯುತ್ತದೆ, ನೀರು ಅದನ್ನು ಕೊಚ್ಚಿ ಒಯ್ಯುತ್ತದೆ. ಸುಣ್ಣ, ಅರಿಶಿನ, ಕಾಫಿಪುಡಿ, ಖಾರದಪುಡಿ ಗಾಯವನ್ನು ಕೆರಳಿಸುತ್ತವೆ, ತೊಳೆಯುವ ಕೆಲಸವನ್ನೇ ಹಾಳುಮಾಡುತ್ತವೆ. ಬಟ್ಟೆ ಬಿಗಿಯಾಗಿ ಕಟ್ಟಬೇಡಿ. ತೊಳೆದ ಮೇಲೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಕರೆದೊಯ್ಯಿರಿ. ಚರ್ಮ ಸೀಳಿ ರಕ್ತ ಬಂದಿರುವುದರಿಂದ ಲಸಿಕೆಯ ಜತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ವೈದ್ಯರು ಮರೆತರೆ ನೀವೇ ಕೇಳಿ. ಲಸಿಕೆ ಚರ್ಮದೊಳಗೆ ಕೊಟ್ಟರೆ 0, 3, 7, 28ನೇ ದಿನ. ಸ್ನಾಯುವಿಗಾದರೆ 0, 3, 7, 14, 28. ಮೊದಲ ಚುಚ್ಚುಮದ್ದಿನ ದಿನವೇ 0. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಎರಡು ಆದ ಮೇಲೆ ‘ಮಗ ಚೆನ್ನಾಗಿದ್ದಾನಲ್ಲ’ ಎಂದು ನಿಲ್ಲಿಸುವುದೇ ಎಲ್ಲರೂ ಎಡವುವ ಜಾಗ. ಮರಿಯನ್ನು ಹತ್ತು ದಿನ ಗಮನಿಸಿ, ಆದರೆ ಹತ್ತು ದಿನ ಕಾದು ಆಮೇಲೆ ಲಸಿಕೆ ಎಂಬ ಲೆಕ್ಕ ಬೇಡವೇ ಬೇಡ.

ಪ್ರ: ವಾಕಿಂಗ್ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದ ಹದಿಮೂರರ ಮಗ ಈಗ ಮೊಬೈಲ್ ಬಿಟ್ಟು ಏಳುವುದಿಲ್ಲ. ‘ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡ್ತೀನಿ’ ಎಂದು ಗದರಿದ್ದೇನೆ.
– ಓದುಗರು, ಶ್ರೀರಂಗಪಟ್ಟಣ

ಉ: ಆ ಮಾತನ್ನು ವಾಪಸ್ ತೆಗೆದುಕೊಳ್ಳಿ, ಮಗನ ಎದುರಿಗೇ. ಮಾತು ತಪ್ಪಿದರೆ ಮನೆಯ ಜೀವವನ್ನೇ ಹೊರಗೆ ಹಾಕುತ್ತಾರೆ ಎಂಬುದು ಅವನ ಮನಸ್ಸಿನಲ್ಲಿ ಉಳಿಯಬಾರದು. ಎರಡು ವಾರ ಇಬ್ಬರೂ ಒಟ್ಟಿಗೆ ಹೋಗಿ: ಸಂಜೆ ಅದೇ ಹೊತ್ತಿಗೆ, ಇಪ್ಪತ್ತೇ ನಿಮಿಷ, ನಿಮ್ಮ ಫೋನ್ ಕೂಡ ಮನೆಯಲ್ಲೇ. ದಾರಿಯಲ್ಲಿ ಮಾರ್ಕ್ಸಿನ ವಿಚಾರ ಎತ್ತಬೇಡಿ. ಹಗ್ಗ ಅವನ ಕೈಯಲ್ಲಿರಲಿ. ಆಮೇಲೆ ವಾರದಲ್ಲಿ ಮೂರು ದಿನ ಅವನದು, ಉಳಿದದ್ದು ನಿಮ್ಮದು. ಬೇಸಿಗೆಯಲ್ಲಿ ಹೊರಡುವ ಮುಂಚೆ ಅಂಗೈ ಹಿಂಭಾಗವನ್ನು ಏಳು ಸೆಕೆಂಡ್ ಡಾಂಬರಿನ ಮೇಲಿಟ್ಟು ನೋಡಿ. ನಿಮಗೆ ತಡೆಯದಿದ್ದರೆ ನಾಯಿಯ ಪಾದಕ್ಕೂ ತಡೆಯದು.

ಪ್ರ: ಕಬ್ಬಿನ ಗದ್ದೆ ಪಕ್ಕದ ಮನೆ. ನಾಯಿಯ ಮೈಯಿಂದ ಎಷ್ಟು ಸಲ ಉಣ್ಣೆಹುಳು ಕಿತ್ತರೂ ಮತ್ತೆ ಬರುತ್ತವೆ. ಈಗ ನಾಯಿ ಊಟ ಬಿಟ್ಟಿದೆ, ಬಾಡೂಟದ ಉಳಿಕೆ ಹಾಕಿದರೂ ಮೂಸುವುದಿಲ್ಲ.
– ಓದುಗರು, ಮಂಡ್ಯ ತಾಲ್ಲೂಕು

ಉ: ಬಾಡೂಟದ ಉಳಿಕೆ ಇನ್ನು ಹಾಕಲೇಬೇಡಿ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳು ಚುಚ್ಚುತ್ತದೆ. ಈರುಳ್ಳಿ ಬೆಂದಿದ್ದರೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಮಸಾಲೆಯಿಲ್ಲದ ಮೂಳೆರಹಿತ ಕೋಳಿ, ಮೊಟ್ಟೆ, ಅನ್ನ ಅಥವಾ ಮುದ್ದೆ ಸಾಕು.

ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಇರಬೇಕಾದದ್ದು ಬಿಳಚಿಕೊಂಡಿದ್ದರೆ, ಮೈ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ, ಮೂಗಲ್ಲಿ ರಕ್ತ ಬಂದರೆ ಅದು ಉಣ್ಣೆಜ್ವರವಿರಬಹುದು. ಇವತ್ತೇ ಪಶುವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿ. ಎರ್ಲಿಕಿಯಾ (ಉಣ್ಣೆ ಹರಡುವ ಬ್ಯಾಕ್ಟೀರಿಯಾ) ಎಂದಾದರೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ನಾಲ್ಕೇ ದಿನಕ್ಕೆ ನಾಯಿ ಬಾಲ ಆಡಿಸುತ್ತದೆ, ಜನ ಮಾತ್ರೆ ನಿಲ್ಲಿಸುತ್ತಾರೆ, ಜ್ವರ ಮರಳುತ್ತದೆ.

ಉಣ್ಣೆ ಮತ್ತೆ ಬರುವುದು ಗೋಡೆಯಿಂದ. ರಕ್ತ ಕುಡಿದ ಹೆಣ್ಣು ಉಣ್ಣೆ ನಾಯಿಯಿಂದ ಉದುರಿ ಗೋಡೆಬಿರುಕು, ಬಾಗಿಲಸಂದಿಗೆ ಹತ್ತಿ ಸಾವಿರಾರು ಮೊಟ್ಟೆ ಇಡುತ್ತದೆ. ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಹಾಸಿಗೆಗೆ ಬಳಸುವ ಗೋಣಿ ಸುಟ್ಟುಹಾಕಿ, ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ, ನಾಯಿಗೆ ತೂಕಕ್ಕೆ ತಕ್ಕ ಉಣ್ಣೆ ಮಾತ್ರೆ ಕೊಡಿಸಿ. ಕೆಲವು 12 ವಾರ ಕೆಲಸ ಮಾಡುತ್ತವೆ. ಕೀಳುವಾಗ ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆದು ಸ್ಪಿರಿಟ್‌ಗೆ ಹಾಕಿ, ಬೆರಳಲ್ಲಿ ಹೊಸಕಬೇಡಿ. ಗದ್ದೆಗೆ ಹೊಡೆಯುವ ಔಷಧಿ, ಸೀಮೆಎಣ್ಣೆ ಮೈಗೆ ಹಚ್ಚಿದರೆ ನಾಯಿ ನೆಕ್ಕಿ ಸಾಯಬಹುದು.

ಪ್ರ: ದೀಪಾವಳಿ ಪಟಾಕಿಗೆ ನಾಯಿ ಗಡಗಡ ನಡುಗುತ್ತದೆ.
– ಓದುಗರು, ಕುವೆಂಪುನಗರ, ಮೈಸೂರು

ಉ: ದಸರಾ ಆನೆಗಳಿಗೆ ಜಂಬೂಸವಾರಿಗೆ ಮುಂಚೆಯೇ ಕುಶಾಲತೋಪಿನ ತಾಲೀಮು ನಡೆಸುತ್ತಾರಲ್ಲ, 21 ಸುತ್ತು ಕೇಳಿದಾಗ ಬೆಚ್ಚಬಾರದೆಂದು. ನಿಮ್ಮ ನಾಯಿಗೂ ಮುಂಚಿತ ರೂಢಿ ಬೇಕು. ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಅತಿ ಸಣ್ಣಗೆ, ಊಟದ ಹೊತ್ತಿಗೆ ಐದು ನಿಮಿಷ ಹಾಕಿ. ಉಣ್ಣುವುದು ನಿಲ್ಲಿಸದಿದ್ದರೆ ಎರಡು–ಮೂರು ದಿನಕ್ಕೊಮ್ಮೆ ತುಸು ಏರಿಸಿ. ನಿಲ್ಲಿಸಿದರೆ ಹಿಂದಿನ ಮಟ್ಟಕ್ಕೆ ಇಳಿಸಿ. ಹಬ್ಬದ ದಿನ ಸಂಜೆ ಐದರೊಳಗೆ ವಾಕಿಂಗ್ ಮುಗಿಸಿ, ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿಡಿ. ಹೆದರಿ ಮಡಿಲಿಗೆ ಬಂದರೆ ಸವರಿ ಸಮಾಧಾನ ಮಾಡಿ. ಅದರಿಂದ ಭಯ ಹೆಚ್ಚುವುದಿಲ್ಲ. ವಿಪರೀತ ಹೆದರುವ ನಾಯಿಗೆ ಔಷಧವಿದೆ, ಅದನ್ನು ಹಬ್ಬಕ್ಕೆ ವಾರ ಮುಂಚೆಯೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ.